ಜಲಪಾತಕ್ಕೆ ಆಗಸ್ಟ್, ಹಕ್ಕಿಗಳಿಗೆ ಡಿಸೆಂಬರ್

ಪ್ರಶ್ನೆ: ಆಗಸ್ಟ್‌ನಲ್ಲಿ ಮಕ್ಕಳ ಜೊತೆ ಗೋಕಾಕ ಜಲಪಾತಕ್ಕೆ ಹೋಗಿದ್ದೆವು. ಹಾಗೇ ಧೂಪದಾಳದ ಹತ್ತಿರ ಘಟಪ್ರಭಾ ಪಕ್ಷಿಧಾಮಕ್ಕೂ ಹೋದೆವು. ಎರಡು ತಾಸು ಅಡ್ಡಾಡಿದರೂ ಕಂಡಿದ್ದು ನಾಲ್ಕು ಬೆಳ್ಳಕ್ಕಿ, ಒಂದು ಮಿಂಚುಳ್ಳಿ. ಪಕ್ಷಿಧಾಮ ಅನ್ನೋದು ಬರೀ ಹೆಸರಿಗಾ?
– ಒಬ್ಬ ಓದುಗರು, ಜಮಖಂಡಿ

ಉತ್ತರ: ನೀವು ಹೋದ ತಿಂಗಳೇ ತಪ್ಪು. ಜಲಪಾತ ಚೆಂದ ಕಾಣಬೇಕಾದರೆ ಹೊಳೆ ತುಂಬಬೇಕು, ಹಕ್ಕಿ ಕಾಣಬೇಕಾದರೆ ಅದೇ ಹೊಳೆ ಇಳಿಯಬೇಕು. 1974ರಲ್ಲಿ ಘೋಷಣೆಯಾದ ಈ ಪಕ್ಷಿಧಾಮ ಇರುವುದೇ ಧೂಪದಾಳದ ಒಡ್ಡಿನ ಹಿನ್ನೀರಿನ ಸುತ್ತ, ಸುಮಾರು 30 ಚದರ ಕಿಲೋಮೀಟರ್. ಮಳೆಗಾಲದಲ್ಲಿ ಕೆಸರು ದಂಡೆ ಮುಳುಗಿದರೆ, ಮೊಣಕಾಲುದ್ದ ನೀರಲ್ಲಿ ನಿಂತು ಮೀನು ಕಪ್ಪೆ ಹಿಡಿಯುವ ಕೊಕ್ಕರೆಗಳಿಗೆ ನಿಲ್ಲಲು ಜಾಗ ಎಲ್ಲಿದೆ ಹೇಳಿ? ಇಲ್ಲಿ ಹೆಸರು ಮಾಡಿರುವ ಡೆಮಾಯ್ಸೆಲ್ ಕ್ರೇನ್ ಎಂಬ ಉದ್ದ ಕಾಲಿನ ವಲಸೆ ಹಕ್ಕಿಗಳಂತೂ ಆಗಸ್ಟ್‌ನಲ್ಲಿ ಇನ್ನೂ ಮಂಗೋಲಿಯಾ, ಮಧ್ಯ ಏಷ್ಯಾದ ಕಡೆಯೇ ಇರುತ್ತವೆ. ಹಿಮಾಲಯ ದಾಟಿ ಬರಬೇಕಲ್ವಾ!

ನವೆಂಬರ್‌ನಿಂದ ಫೆಬ್ರುವರಿ ಒಳಗೆ ಇನ್ನೊಮ್ಮೆ ಹೋಗಿ. ಸೂರ್ಯ ಹುಟ್ಟುವ ಹೊತ್ತಿಗೆ ದಂಡೆಯಲ್ಲಿರಿ, ಬಿಸಿಲು ನಿಮ್ಮ ಬೆನ್ನಿಗಿರಲಿ, ಇಲ್ಲದಿದ್ದರೆ ಎಲ್ಲಾ ಹಕ್ಕಿಯೂ ಕರ್ರಗೆ ಕಾಣುತ್ತವೆ. ಹೊಲದ ಬದುವಿನ ಮೇಲೆ ನಡೆಯುವುದಾದರೆ ಹೊಲದವರನ್ನು ಒಂದು ಮಾತು ಕೇಳಿ. ಸುಮ್ನೆ ಕೇಳಿದರೂ ಹಕ್ಕಿ ಎಲ್ಲಿ ಕೂತಿವೆ ಅಂತ ಅವರೇ ತೋರಿಸುತ್ತಾರೆ, ಯಾಕೆಂದರೆ ಕಾಳು ತಿನ್ನಲು ಕ್ರೇನ್‌ಗಳು ಇಳಿಯುವುದು ಅವರ ಹೊಲಕ್ಕೇ! ಎರೆ ಮಣ್ಣು ಹಸಿ ಇದ್ದರೆ ಚಪ್ಪಲಿ ಅಲ್ಲೇ ಉಳಿಯುತ್ತದೆ, ಬೂಟು ಹಾಕಿಕೊಳ್ಳಿ. ನೀರಿಗೆ ಮಾತ್ರ ಇಳಿಯಬೇಡಿ. ಗೋಕಾಕದ ಕರದಂಟು ಬ್ಯಾಗಿನಲ್ಲೇ ಇರಲಿ, ಆ ಪ್ಲಾಸ್ಟಿಕ್ ಚರಪರ ಸದ್ದಿಗೆ ಇಡೀ ಗುಂಪು ಎದ್ದು ಹೋಗಿದ್ದನ್ನು ನಾನೇ ಕಂಡಿದ್ದೇನೆ. ಚೀಲ ನನ್ನದೇ ಆಗಿತ್ತು ಬಿಡಿ.

ಪ್ರಶ್ನೆ: ದೂರದಲ್ಲಿ ಹಾರುವಾಗ ಬೆಳ್ಳಕ್ಕಿ, ಕೊಕ್ಕರೆ, ಕ್ರೇನ್ ಎಲ್ಲಾ ಒಂದೇ ಥರ ಕಾಣುತ್ತವೆ. ಹೇಗೆ ಗುರುತಿಸುವುದು?
– ಒಬ್ಬ ಓದುಗರು, ಬೈಲಹೊಂಗಲ

ಉತ್ತರ: ಕುತ್ತಿಗೆ ನೋಡಿ. ಬೆಳ್ಳಕ್ಕಿ ಕುತ್ತಿಗೆ ಮಡಚಿಕೊಂಡು ಹಾರುತ್ತದೆ, ಕೊಕ್ಕರೆ ಮತ್ತು ಕ್ರೇನ್ ಉದ್ದಕ್ಕೆ ಚಾಚುತ್ತವೆ. ಬಿಳಿ ಮೈ, ಕಪ್ಪು ರೆಕ್ಕೆಯಂಚು, ಕೆಂಪು ಕೊಕ್ಕು ಕೆಂಪು ಕಾಲು ಇದ್ದರೆ ಯುರೋಪಿನ ಬಿಳಿ ಕೊಕ್ಕರೆ. ಬೂದು ಮೈ, ಕಪ್ಪು ಕುತ್ತಿಗೆ, ಕಣ್ಣಿನ ಹಿಂದೆ ಬಿಳಿ ಜುಟ್ಟು ಜೋತಾಡುತ್ತಿದ್ದರೆ ಅದು ಡೆಮಾಯ್ಸೆಲ್. ಜುಟ್ಟು ಕಾಣಲು ದುರ್ಬೀನು ಬೇಕೇ ಬೇಕು.