ಪ್ರತಿಕ್ರಿಯೆ: ಬಿ.ಕಾಂ. ಓದುತ್ತಾ ರಾಯಚೂರಿನಲ್ಲೇ ಅಕೌಂಟ್ಸ್ ಕೆಲಸ ಕಲಿಯಬಹುದಾ?

ಬಿ.ಕಾಂ. ಎರಡನೇ ವರ್ಷ, ಮಧ್ಯಾಹ್ನದ ಮೇಲೆ ಬಿಡುವಿದೆ, ಅಕೌಂಟ್ಸ್ ಅನುಭವಕ್ಕೆ ಬೆಂಗಳೂರಿಗೇ ಹೋಗಬೇಕಾ ಅಂತ ಕೇಳಿದ್ದೀರಿ. ಬೇಡವೇ ಬೇಡ. ರಾಯಚೂರಿನಲ್ಲೇ ಕೆಲಸ ಇದೆ, ಸಂಬಳ ಮಾತ್ರ ಕಡಿಮೆ.

ಟ್ಯಾಕ್ಸ್ ಕನ್ಸಲ್ಟೆಂಟ್, ಆಡಿಟರ್ ಆಫೀಸುಗಳಲ್ಲಿ ವಿಚಾರಿಸಿ. ದಿನ ನೋಡಿಕೊಂಡು ಹೋಗಿ. ತಿಂಗಳಿಗೊಮ್ಮೆ ಜಿಎಸ್‌ಟಿ ರಿಟರ್ನ್ ಹಾಕುವವರಿಗೆ ಜಿಎಸ್‌ಟಿಆರ್-1ಕ್ಕೆ (ಮಾರಾಟದ ವಿವರ) 11, 3ಬಿಗೆ (ತೆರಿಗೆ ಕಟ್ಟುವ ಲೆಕ್ಕ) 20 ಕೊನೆ ತಾರೀಖು. ಆ ಹೊತ್ತಿಗೆ ಹೋದರೆ ತಲೆ ಎತ್ತಿಯೂ ನೋಡಲ್ಲ. 20 ದಾಟಿದ ಮೇಲೆ ಹೋಗಿ, ಕೂರಿಸಿ ಮಾತಾಡ್ತಾರೆ.

ಶುರುವಿನಲ್ಲಿ ಬಿಲ್ ಜೋಡಿಸಿ ಟ್ಯಾಲಿಗೆ (ಲೆಕ್ಕದ ಸಾಫ್ಟ್‌ವೇರ್) ಹತ್ತಿಸುವುದೇ ಕೆಲಸ. ಬೇಜಾರಾಗುತ್ತೆ, ಆದರೆ ಕಲಿಯೋದು ಅಲ್ಲೇ. ಬಿಲ್ ಮೇಲಿನ ಜಿಎಸ್‌ಟಿ ನಂಬರಿನ ಮೊದಲೆರಡು ಅಂಕಿ ನೋಡಿ. 29 ಇದ್ದರೆ ಕರ್ನಾಟಕ, 36 ಇದ್ದರೆ ತೆಲಂಗಾಣ. ನಮ್ಮೂರ ಅಂಗಡಿಗಳಿಗೆ ಹೈದರಾಬಾದಿನಿಂದಲೂ ಮಾಲು ಬರುತ್ತೆ, ಅಲ್ವಾ? ಅಂಥ ಬಿಲ್ಲಿಗೆ ಮಾಮೂಲಾಗಿ ಐಜಿಎಸ್‌ಟಿ, ಅಂದರೆ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಮಾಲಿನ ತೆರಿಗೆ. ರಾಜ್ಯದೊಳಗಿನ ಖರೀದಿಗೆ ಕೇಂದ್ರದ ಸಿಜಿಎಸ್‌ಟಿ, ರಾಜ್ಯದ ಎಸ್‌ಜಿಎಸ್‌ಟಿ ಅರ್ಧರ್ಧ. ಆಮೇಲೆ 14ನೇ ತಾರೀಖಿಗೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಬರುವ 2ಬಿ ಪಟ್ಟಿ (ಮಾರಿದವರು ತೋರಿಸಿದ ಬಿಲ್‌ಗಳದು) ಜೊತೆ ತಾಳೆ ನೋಡಬೇಕು. ಮಾರಿದವರು ತಮ್ಮ ರಿಟರ್ನಿನಲ್ಲಿ ತೋರಿಸದ ಬಿಲ್ ಅಲ್ಲಿ ಇರಲ್ಲ, ಅದರ ಕ್ರೆಡಿಟ್ಟೂ (ಖರೀದಿಯಲ್ಲಿ ಕೊಟ್ಟ ತೆರಿಗೆಯ ವಜಾ) ಸಿಗಲ್ಲ. ಅವರಿಗೆ ಫೋನ್ ಹಚ್ಚಿ ಬೆನ್ನು ಹತ್ತುವ ಕೆಲಸ ಹೊಸಬರಿಗೇ ಬರೋದು! ಮುಂದೆ ಸಂದರ್ಶನದಲ್ಲಿ ಇದನ್ನು ಬಿಡಿಸಿ ಹೇಳಿದರೆ ಸರ್ಟಿಫಿಕೇಟಿಗಿಂತ ಜಾಸ್ತಿ ತೂಕ.

ರಾಜೇಂದ್ರ ಗಂಜ್ ಕೃಷಿ ಮಾರುಕಟ್ಟೆಯ ದಲ್ಲಾಳಿ ಅಂಗಡಿಗಳಲ್ಲೂ ಹತ್ತಿ ಸುಗ್ಗಿಗೆ ಲೆಕ್ಕ ಬರೆಯುವವರನ್ನು ಹುಡುಕ್ತಾರೆ. ಅಲ್ಲೂ ಒಮ್ಮೆ ಕೇಳಿ ನೋಡಿ.

ಪರೀಕ್ಷೆ ಸಮಯದಲ್ಲಿ ರಜೆ ಬೇಕು ಅಂತ ಸೇರುವಾಗಲೇ ಹೇಳಿಬಿಡಿ. ಕೆಲಸ ಕಲಿಸೋಕೆ ನಿಮ್ಮ ಹತ್ತಿರವೇ ದುಡ್ಡು ಕೇಳಿದರೆ ಸುಮ್ನೆ ಎದ್ದು ಬನ್ನಿ.