ದುಂಡು ಮನೆಗೆ ಸೂರು ಎಷ್ಟಿರಬೇಕು?

ಪ್ರಶ್ನೆ: ಮಗ ಆರ್ಕಿಟೆಕ್ಟ್ ಹತ್ತಿರ ದುಂಡು ಮನೆಯ ನಕ್ಷೆ ಮಾಡಿಸಿದ್ದಾನೆ. ಕಡಿಮೆ ಖರ್ಚಿನ ಮನೆಗಳಿಗೆ ಹೆಸರಾದ ವಾಸ್ತುಶಿಲ್ಪಿ ಲಾರಿ ಬೇಕರ್ ಅವರ ರೀತಿಯದ್ದಂತೆ, ಗೋಡೆಗೆ ಪ್ಲಾಸ್ಟರ್ ಇಲ್ಲ. ನಮ್ಮ ಮಳೆಗೆ ತಾಳುತ್ತದೆಯೇ?
– ಓದುಗರೊಬ್ಬರು, ಸಾಗರ

ಉತ್ತರ: ಖಂಡಿತ ತಾಳುತ್ತದೆ, ಸೂರು ಸರಿಯಾಗಿದ್ದರೆ. ತೀರ್ಥಹಳ್ಳಿ ಹತ್ತಿರ 12 ವರ್ಷದಿಂದ ಅಂಥದ್ದೇ ಮನೆಯಲ್ಲಿದ್ದೇನೆ. ಬೇಕರ್ ಹೆಚ್ಚಾಗಿ ಕಟ್ಟಿದ್ದು ಕೇರಳದಲ್ಲಿ. ಅಲ್ಲೇನು ಮಳೆ ಕಡಿಮೆಯೇ? ಇಟ್ಟಿಗೆಯನ್ನು ಮಲಗಿಸದೆ ನಿಲ್ಲಿಸಿ ಕಟ್ಟುವ ಅವರ ರ‍್ಯಾಟ್ ಟ್ರ್ಯಾಪ್ ಗೋಡೆಯಲ್ಲಿ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ. ನಡುವಿನ ಟೊಳ್ಳು ಬೇಸಿಗೆಯ ಕಾವು ತಡೆಯುತ್ತದೆ.

ನಮ್ಮ ತಪ್ಪು ಸೂರಿನದು. ನಕ್ಷೆಯಲ್ಲಿ ಒಂದೇ ಅಡಿ ಇತ್ತು. ಮೊದಲ ಆಷಾಢದಲ್ಲೇ ಪಡುವಣ ಗೋಡೆ ನೆನೆದು ಪಾಚಿ ಕಟ್ಟಿತು. ಅದಕ್ಕೆ ಒತ್ತಿ ಇಟ್ಟಿದ್ದ ಅಕ್ಕಿ ಮೂಟೆಗೆ ಬೂಸಲು ಬಂತು, ತುಂಬಾ ಸಂಕಟವಾಯಿತು. ಮರುವರ್ಷ ಮಂಗಳೂರು ಹಂಚು ಹಾಕಿ ಮೂರೂವರೆ ಅಡಿ ಚಾಚಿಸಿದೆವು. ಆಮೇಲೆ ಗೋಡೆ ಒಣಗಿತು. ನೀವು ಆರ್ಕಿಟೆಕ್ಟ್‌ಗೆ ಮೊದಲೇ ಹೇಳಿಬಿಡಿ, ನಮ್ಮ ಹಳೆಯ ಮನೆಗಳ ಸೂರು ಸುಮ್ನೆ ಅಷ್ಟು ಕೆಳಗೆ ಇಳಿದಿರಲಿಲ್ಲ ಅಲ್ವಾ?

ಇನ್ನೊಂದು, ದುಂಡು ಗೋಡೆಗೆ ಕಪಾಟು ಒತ್ತಿ ಕೂರುವುದಿಲ್ಲ. ಕಟ್ಟುವಾಗಲೇ ಗೂಡು ಬಿಡಿಸಿ. ಅಡಿಕೆ ಒಣಗಿಸಲು ಅಂಗಳ ಎಲ್ಲಿ ಅಂತಲೂ ಕೇಳಿ. ನಮ್ಮ ನಕ್ಷೆಯಲ್ಲಿ ಅದೇ ಇರಲಿಲ್ಲ.