ನಿಮ್ಮ ರೂಮಿಗೆ ನಾಲ್ಕು ವೂಫರ್ ಜಾಸ್ತಿಯಾಯ್ತು

ಪ್ರಶ್ನೆ: ಸರ್, ಮೇಲಿನ ಮಹಡಿಯಲ್ಲಿ ಒಂದು ರೂಮನ್ನು ಸಂಗೀತ ಕೇಳೋದಕ್ಕೆ ಅಂತಲೇ ಇಟ್ಟುಕೊಂಡಿದ್ದೇನೆ. 14 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರ, ನೆಲ ಗ್ರಾನೈಟ್. ಕರ್ನಾಟಕ ಸಂಗೀತ ಜಾಸ್ತಿ, ಆಗಾಗ 80ರ ದಶಕದ ಸಿನಿಮಾ ಹಾಡು. ಈಗ ಸ್ಪೀಕರ್ ಕೊಳ್ಳಬೇಕು: ಕೆಇಎಫ್ ಆರ್11 ಮೆಟಾ ತಗೊಳ್ಳಲಾ, ಬಿ ಅಂಡ್ ಡಬ್ಲ್ಯೂ 702 ಎಸ್3 ತಗೊಳ್ಳಲಾ? ಅಂಗಡಿಯವರು "ದೊಡ್ಡದೇ ತಗೊಳ್ಳಿ, ಆಮೇಲೆ ಕೊರಗಬೇಡಿ" ಅಂತಾರೆ. ಕೇಬಲ್‌ಗೂ ಒಂದಷ್ಟು ದುಡ್ಡು ಎತ್ತಿಟ್ಟಿದ್ದೇನೆ.
— ಓದುಗರು, ಮೈಸೂರು

ಉತ್ತರ: ಎರಡೂ ಬೇಡ. ಕೆಇಎಫ್‌ನಲ್ಲೇ ಒಂದು ಮೆಟ್ಟಿಲು ಕೆಳಗಿಳಿದು ಆರ್7 ಮೆಟಾ ಕೇಳಿ ನೋಡಿ.

ದೊಡ್ಡದು ತಂದು ಕೊರಗಿದವನು ನಾನು. ಬಸವನಗುಡಿಯ ಬಾಡಿಗೆ ಮನೆಯಲ್ಲಿ 12 ಅಡಿಗೆ 10 ಅಡಿಯ ರೂಮು. ಅಲ್ಲಿ ಎದೆಯೆತ್ತರದ ಎರಡು ಪೆಟ್ಟಿಗೆ ನಿಲ್ಲಿಸಿದ್ದೆ. ಬೇಸ್ ಗಿಟಾರ್ ಕೆಳಗಿನ ಸ್ವರಕ್ಕೆ ಇಳಿದಾಗಲೆಲ್ಲ ಅಡುಗೆಮನೆಯ ಸ್ಟೀಲ್ ತಟ್ಟೆಗಳು ಝಣ್ ಅನ್ನುತ್ತಿದ್ದವು. "ಪಕ್ಕದ ಮನೇಲಿ ಗ್ರೈಂಡರ್ ಹಾಕಿದಾರೇನೋ ಅಂದ್ಕೊಂಡೆ" ಅಂದಳು ನನ್ನ ಹೆಂಡತಿ. ಎಂಟು ತಿಂಗಳಿಗೆ ನಷ್ಟಕ್ಕೆ ಮಾರಿದೆ.

ತಪ್ಪು ಪೆಟ್ಟಿಗೆಯದ್ದಲ್ಲ, ರೂಮಿನದ್ದು. ಪ್ರತಿ ರೂಮಿಗೂ ತನ್ನದೇ ಕೆಲವು ಸ್ವರ ಇರುತ್ತವೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ರೂಮಿನ ಉದ್ದವನ್ನು ಮೀಟರಿಗೆ ತಿರುಗಿಸಿ, ಅದರ ಎರಡರಷ್ಟರಿಂದ ಈ ವೇಗವನ್ನು ಭಾಗಿಸಿ. ನಿಮ್ಮ 14 ಅಡಿಗೆ ಬರುವುದು 40 ಹರ್ಟ್ಸ್, ಅಂದರೆ ಸೆಕೆಂಡಿಗೆ 40 ಕಂಪನ. ಅಗಲಕ್ಕೆ 51, ಎತ್ತರಕ್ಕೆ 56. ಈ ಸ್ವರಗಳು ಬಂದಾಗ ರೂಮೂ ಜೊತೆಗೆ ಹಾಡುತ್ತದೆ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಸ್. ನಿಮ್ಮ ಸಿನಿಮಾ ಹಾಡು ಸರಿಯಾಗಿ ಅಲ್ಲೇ ಬಂದು ಸಿಕ್ಕಿಬೀಳುತ್ತದೆ.

ಆರ್11ರಲ್ಲಿ 165 ಮಿಲಿಮೀಟರಿನ ನಾಲ್ಕು ವೂಫರ್ (ಬೇಸ್ ನುಡಿಸುವ ಡ್ರೈವರ್), ಆರ್7ರಲ್ಲಿ ಅಂಥವೇ ಎರಡು. ಆದರೆ ಕಂಪನಿ ಕೊಡುವ ಅಂಕಿ ನೋಡಿ: ದೊಡ್ಡದು ಹೆಚ್ಚು ಬಲ ಕುಗ್ಗದೆ 46 ಹರ್ಟ್ಸ್‌ವರೆಗೆ ಇಳಿಯುತ್ತದೆ, ಚಿಕ್ಕದು 48. ಎರಡು ಹರ್ಟ್ಸ್! ದೊಡ್ಡದರ ಲಾಭ ಇರುವುದು ದೊಡ್ಡ ಹಾಲನ್ನು ಆಯಾಸವಿಲ್ಲದೆ ತುಂಬುವುದರಲ್ಲಿ. 14 ಅಡಿ ರೂಮಿಗೆ ಅಷ್ಟು ಯಾಕೆ?

702 ಒಳ್ಳೆಯ ಸ್ಪೀಕರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೇಲಿನ ಸ್ವರ ನುಡಿಸುವ ಅದರ ಟ್ವೀಟರ್ ಪೆಟ್ಟಿಗೆಯ ತಲೆ ಮೇಲೆ ಬೇರೆ ಕೂತಿದೆ, ಕೆಳಗೆ ಮೂರು ವೂಫರ್. ಇವೆಲ್ಲ ಸೇರಿ ಒಂದೇ ದನಿ ಅನ್ನಿಸಬೇಕಾದರೆ ಸ್ವಲ್ಪ ದೂರ ಕೂರಬೇಕು. ನಿಮಗೆ ಸಿಗುವುದು ಏಳಡಿ ಅಷ್ಟೆ. ಕೆಇಎಫ್‌ನಲ್ಲಿ ಟ್ವೀಟರನ್ನು ಮಧ್ಯದ ಸ್ವರಗಳ ಡ್ರೈವರಿನ ನಡುವೆಯೇ ಇಟ್ಟಿದ್ದಾರೆ. 1988ರಿಂದ ಅವರು ಮಾಡುತ್ತಾ ಬಂದಿರುವ ಉಪಾಯ ಇದು. ಹತ್ತಿರ ಕೂತರೂ ಪಿಟೀಲು ಒಂದು ಕಡೆ, ಅದರ ಕೀರಲು ಇನ್ನೊಂದು ಕಡೆ ಅಂತ ಆಗುವುದಿಲ್ಲ.

ಅಂಗಡಿಗೆ ಹೋಗುವಾಗ ನಿಮ್ಮದೇ ಕಛೇರಿ ರೆಕಾರ್ಡಿಂಗ್ ಒಯ್ಯಿರಿ. ಅವರು ಹಾಕುವ ಗಾಜು ಒಡೆಯುವ ಸದ್ದಿಗೆ ಮರುಳಾಗಬೇಡಿ. ಆಲಾಪನೆಯ ಹಿಂದೆ ತಂಬೂರಿ ಕೇಳಿ, ನಾಲ್ಕು ತಂತಿಯನ್ನೂ ಎಣಿಸುವ ಹಾಗಿರಬೇಕು. ಆಮೇಲೆ ತನಿ ಆವರ್ತನ, ಅಂದರೆ ಮೃದಂಗದವರ ಸರದಿ. ಮೃದಂಗದ ಎಡಗಡೆಗೆ ರವೆ ಕಲಸಿ ಹಚ್ಚಿರುತ್ತಾರಲ್ವಾ, ಅಲ್ಲಿ ಅಂಗೈ ಒತ್ತಿ ಜಾರಿಸಿದಾಗ ನಾದ ಮೇಲಕ್ಕೇರುತ್ತದೆ. ಆ ಜಾರು ಕಿವಿಗೆ ಬಿಡಿಯಾಗಿ ಬೀಳಬೇಕು. ಎಲ್ಲಾ ಪೆಟ್ಟೂ ಒಂದೇ ಥರ 'ಡಬ್' ಅಂದರೆ ಎದ್ದು ಬನ್ನಿ.

ಆರ್7 ನಾಲ್ಕು ಓಮಿನ ಸ್ಪೀಕರ್, ಅಂದರೆ ಆಂಪ್ಲಿಫೈಯರಿನಿಂದ ಕರೆಂಟ್ ಜಾಸ್ತಿ ಎಳೆಯುತ್ತದೆ. ನಿಮ್ಮ ಆಂಪ್ಲಿಫೈಯರ್ ಅದಕ್ಕೆ ಆಗುತ್ತದಾ ಅಂತ ಹಿಂಬದಿಯಲ್ಲಿ ಬರೆದಿರುವುದನ್ನು ಓದಿಕೊಳ್ಳಿ.

ಕೇಬಲ್? 2.5 ಚದರ ಮಿಲಿಮೀಟರಿನ ತಾಮ್ರದ ವೈರ್ ಧಾರಾಳ ಸಾಕು. ಉಳಿದ ದುಡ್ಡಲ್ಲಿ ದಪ್ಪ ಜಮಖಾನ ತಂದು ಗ್ರಾನೈಟ್ ಮೇಲೆ ಹಾಸಿ. ಚಪ್ಪಾಳೆ ತಟ್ಟಿದರೆ ಬರುವ ಮಾರ್ದನಿ ಕಡಿಮೆಯಾಗುತ್ತದೆ. ಬೇಸಿನ ಗುಂಯ್‌ಗೆ ಮಾತ್ರ ಜಮಖಾನ ಏನೂ ಮಾಡದು. ಅದಕ್ಕೆ ಜಾಗವೇ ಮದ್ದು. 11 ಅಡಿಯ ಗೋಡೆಯಿಂದ ಎರಡೂವರೆ ಅಡಿ ಮುಂದೆ ಸ್ಪೀಕರ್ ಇಡಿ. ನೀವು ಹಿಂದಿನ ಗೋಡೆಗೆ ಒರಗಿ ಕೂರಬೇಡಿ, ಅಲ್ಲಿ ಬೇಸ್ ಉಕ್ಕುತ್ತದೆ. ನಟ್ಟನಡುವೆ ಕೂತರೆ ಅದೇ 40 ಹರ್ಟ್ಸ್ ಮಾಯ. ನಡುವಿನಿಂದ ಎರಡಡಿ ಹಿಂದೆ ಸರಿಯಿರಿ. ಆಮೇಲೂ ಗುಂಯ್ ಅಂದರೆ ಸ್ಪೀಕರಿನ ಹಿಂದಿನ ತೂತಿಗೆ ಸ್ಪಂಜಿನ ಬಿರಡೆ ಹಾಕಿ. ಡಬ್ಬದಲ್ಲೇ ಬಂದಿರುತ್ತದೆ, ಪ್ಯಾಕಿಂಗ್ ಅಂದುಕೊಂಡು ಎಸೆದೀರಿ.

ಸ್ಪೀಕರಿನ ಅಡಿಯ ಮೊನಚು ಕಾಲು, ಅಂದರೆ ಸ್ಪೈಕನ್ನು ಮೊದಲೇ ತಿರುಗಿಸಿ ಕೂರಿಸಬೇಡಿ. ಅಡಿಗೆ ಹಳೇ ಟವೆಲ್ ಹಾಕಿ ನಾಲ್ಕು ನಾಲ್ಕು ಬೆರಳಿನಷ್ಟೇ ಜಾರಿಸುತ್ತಾ ವಾರವಿಡೀ ಕೇಳಿ. ಸರಿಯಾದ ಜಾಗ ಸಿಕ್ಕಾಗ ಟೇಪ್ ಅಂಟಿಸಿ. ಸೀಮೆಸುಣ್ಣದ ಗುರುತು ನಮ್ಮನೇಲಿ ನೆಲ ಒರೆಸುವಾಗ ಎರಡು ಸಲ ಹೋಯಿತು.